ಮಂಜಿನ ಹೊಲದಲ್ಲಿ ಚರಗ

ಮೊನ್ನೆ ಫ್ರಿಜ್ಜಿನ ಬಾಗಿಲು ತೆಗೆದರೆ ಮೇಲಿನ ಗೂಡಿನ ತುಂಬ ಮಂಜು ಕಟ್ಟಿತ್ತು. ಹಾಲಿನ ಪಾಕೀಟು ಅದರೊಳಗೆ ಗೋಡೆಗೆ ಮೆತ್ತಿದ ಕುಳ್ಳಿನಂತೆ ಅಂಟಿಕೊಂಡಿತ್ತು. ನಾನು ಸೌಟಿನ ಹಿಡಿಕೆಯಿಂದ ಕೆದರುತ್ತಾ ನಿಂತಿದ್ದಾಗ ಪಕ್ಕದ ಮನೆಯ ಟೀಚರಬಾಯಿ ಹೆಪ್ಪು ಕೇಳಲು ಬಂದಳು.

"ಅಜ್ಜಿ, ನೀವು ಇಲ್ಲಿ ಮಂಜು ಕೆದರಾಕತ್ತೀರಿ. ಅಲ್ಲಿ ದಕ್ಷಿಣ ಧ್ರುವದ ಮಂಜು ತಾನ ಕರಗಾಕತ್ತೈತಂತ್ರಿ. ಟೀವಿಯಾಗ ತೋರಿಸಿದ್ರು."

"ಕರಗಲಿಕ್ಕ ನಮ್ಮನಿಯವ್ರು ಹಾಕಿದ ಖಾರ ಒಂದು ಕಾರಣ ಇರಬೇಕ ಬಿಡು" ಎಂದೆ.

ಅವಳು ಹೆಪ್ಪಿನ ಬಟ್ಟಲು ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದಳು. ಮುದುಕಿಗೆ ಅರವು ಮರವು ಶುರುವಾಯಿತು ಎಂದುಕೊಂಡಿರಬೇಕು. ಅಂದುಕೊಳ್ಳಲಿ. ನೀವಾದರೂ ಕೇಳಿ. ನಾನು ಓದಿದ್ದು ಎರಡನೇ ಇಯತ್ತೆ. ಪೇಪರಿನ ದೊಡ್ಡ ಅಕ್ಷರ ಓದುತ್ತೇನೆ, ಸಣ್ಣ ಅಕ್ಷರದಲ್ಲಿ ಸುಳ್ಳು ಜಾಸ್ತಿ ಇರುತ್ತದೆ ಎಂದು ಬಿಟ್ಟುಬಿಡುತ್ತೇನೆ. ಬರೆಯುವಾಗ ಒತ್ತಕ್ಷರ ಎದುರಾದರೆ ದಾರಿಯಲ್ಲಿ ನಾಯಿ ಮಲಗಿದಾಗ ಮಾಡುವಂತೆ ಸುತ್ತು ಹಾಕಿ ಹೋಗುತ್ತೇನೆ. ನಮ್ಮ ಮನೆಯವರು ಹೋಗಿಬಂದ ಆ ಖಂಡದ ಹೆಸರಿನಲ್ಲಿ ಒತ್ತಕ್ಷರಗಳು ಒಂದರ ಹೆಗಲ ಮೇಲೊಂದು ಕೂತಿವೆ. ಹಾಗಾಗಿ ಅದನ್ನು ನಮ್ಮ ಅತ್ತೆ ಕರೆಯುತ್ತಿದ್ದ ಹಾಗೆ ಮಂಜಿನ ಊರು ಎಂದೇ ಬರೆಯುತ್ತೇನೆ. ಗಂಡನ ಹೆಸರನ್ನಂತೂ ಬರೆಯುವುದಿಲ್ಲ. ಅವರು ತೀರಿಹೋಗಿ ಬಹಳ ವರ್ಷವಾಯಿತು, ಆದರೂ ಬಾಯಿಗೆ ಬರುವುದಿಲ್ಲ.

ನಮ್ಮ ಮನೆಯವರಿಗೂ ಮಂಜುಗಡ್ಡೆಗೂ ನಂಟು ಹಳೆಯದು. ನಮ್ಮ ಮದುವೆ ಆದದ್ದು ಎಪ್ಪತ್ತರ ದಶಕದ ಶುರುವಿನಲ್ಲಿ, ಇಳಕಲ್ಲಿನ ನನ್ನ ತವರಿನಲ್ಲಿ, ಸುಡುಸುಡು ಬೇಸಿಗೆಯಲ್ಲಿ. ಇವರು ಆಗಷ್ಟೇ ಮಿಲಿಟರಿಯಲ್ಲಿ ಅಡಿಗೆಯವರಾಗಿ ಸೇರಿದ್ದರು. ಪುಣೆಯಲ್ಲಿ ಯಾರೋ ಸಾಹೇಬರ ಮದುವೆಯಲ್ಲಿ ಮಂಜುಗಡ್ಡೆ ಹಾಕಿದ ಶರಬತ್ತು ನೋಡಿ ಬಂದಿದ್ದರು. ನಮ್ಮ ಮದುವೆಯಲ್ಲೂ ಆಗಬೇಕು ಎಂದು ಹಟ. ಹಿಂದಿನ ದಿನ ತಾವೇ ಬಾಗಲಕೋಟೆಗೆ ಹೋಗಿ, ಐಸ್ ಫ್ಯಾಕ್ಟರಿಯಿಂದ ಒಂದು ದೊಡ್ಡ ಗಡ್ಡೆ ಕೊಂಡು, ಕಟ್ಟಿಗೆಯ ಹೊಟ್ಟಿನಲ್ಲಿ ಹೂತು, ಗೋಣಿಚೀಲ ಸುತ್ತಿ ಬಸ್ಸಿನ ಮೇಲೆ ಏರಿಸಿದರು. ಬಸ್ಸು ಅಮೀನಗಡ ಮುಟ್ಟುವ ಹೊತ್ತಿಗೆ ಕಿಟಕಿ ಪಕ್ಕದಲ್ಲಿ ಕುಳಿತಿದ್ದ ಮುದುಕನ ರುಮಾಲಿನ ಮೇಲೆ ತೊಟ್ಟಿಕ್ಕತೊಡಗಿತು. ಅವನು ಮೇಲೆ ಯಾವನೋ ಹುಡುಗ ಮೂತ್ರ ಮಾಡುತ್ತಿದ್ದಾನೆ ಎಂದು ಬಸ್ಸು ನಿಲ್ಲಿಸಿ ಬೈದನಂತೆ. ಹುನಗುಂದದಲ್ಲಿ ಗಡ್ಡೆ ಅರ್ಧವಾಯಿತು. ಇಳಕಲ್ಲಿನಲ್ಲಿ ಚೀಲ ಬಿಚ್ಚಿದಾಗ ಹೊಟ್ಟಿನ ನಡುವೆ ಸಾಬೂನಿನ ಬಿಲ್ಲೆಯಷ್ಟು ಉಳಿದಿತ್ತು.

ನಮ್ಮಪ್ಪ ಓಣಿಯ ಮಂದಿಯ ಮುಂದೆ ಹೇಳಿದ: "ನಮ್ಮ ಅಳಿಯಂದಿರು ಭಾಳ ಶ್ಯಾಣ್ಯಾ ಅದಾರ. ಬಾಗಲಕೋಟಿಯಿಂದ ಹಸಿ ಗೋಣಿಚೀಲ ತಂದಾರ."

ಆದರೂ ಇವರು ಬಿಡಲಿಲ್ಲ. ಆ ಬಿಲ್ಲೆಯನ್ನೇ ಶರಬತ್ತಿನ ಹಂಡೆಗೆ ಹಾಕಿದರು. ಬೀಗರೆಲ್ಲ ಬಿಸಿ ಶರಬತ್ತು ಕುಡಿದು, ಹಲ್ಲಿನಲ್ಲಿ ಸಿಕ್ಕ ಹೊಟ್ಟು ತೆಗೆಯುತ್ತಾ ಹೋದರು.

ಗಟ್ಟಿ ಎಂದು ಕಂಡದ್ದೆಲ್ಲ ಗಟ್ಟಿಯಲ್ಲ ಎಂದು ನನಗೆ ಆಗಲೇ ತಿಳಿಯಬೇಕಿತ್ತು. ನಮ್ಮ ತವರಿನ ಹಿಂದೆ ಒಂದು ಕೆಂಪುಕಲ್ಲಿನ ಗುಡ್ಡವಿತ್ತು. ನಾವು ಹುಡುಗಿಯರು ಅದರ ಮೇಲಿಂದ ಜಾರಿ ಲಂಗದ ಹಿಂಭಾಗ ಹರಿದುಕೊಂಡು ಬಂದು ಅವ್ವನ ಕೈಲಿ ಹೊಡೆತ ತಿನ್ನುತ್ತಿದ್ದೆವು. ಅವ್ವ ಲಂಗಕ್ಕೆ ತೇಪೆ ಹಾಕುತ್ತಾ, "ಆ ಗುಡ್ಡ ಸವೀತೈತೇನು, ನಿಮ್ಮ ಬಟ್ಟಿ ಸವೀತಾವ" ಎನ್ನುತ್ತಿದ್ದಳು. ಅವ್ವನ ಮಾತು ತಪ್ಪಾಯಿತು. ಕಲ್ಲು ಕೊರೆಯುವವರು ಬಂದರು, ಲಾರಿಗಳು ಬಂದವು, ಗುಡ್ಡ ಚಪ್ಪಡಿ ಚಪ್ಪಡಿಯಾಗಿ ಎಲ್ಲೋ ದೂರದ ಊರುಗಳ ನೆಲಕ್ಕೆ ಹಾಸಲು ಹೋಯಿತು. ಈಗ ಅಲ್ಲಿ ನೀರು ನಿಂತ ಹೊಂಡ ಇದೆ, ಎಮ್ಮೆಗಳು ಬೀಳುತ್ತವೆ. ಅಳುವಂಥದ್ದೇನಿಲ್ಲ, ಇದ್ದದ್ದು ಹೇಳಿದೆ.

ಹುನಗುಂದದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದೆ. ವರ್ಷಗಳು ಹೋದವು, ಮಕ್ಕಳಾಗಲಿಲ್ಲ. ಇವರು ವರ್ಷದಲ್ಲಿ ಒಂದು ತಿಂಗಳು ರಜೆಗೆ ಬರುತ್ತಿದ್ದರು, ಉಳಿದ ತಿಂಗಳು ಎಲ್ಲೋ ಗಡಿಯಲ್ಲಿ ಸೈನಿಕರಿಗೆ ಪೂರಿ ಲಟ್ಟಿಸುತ್ತಿದ್ದರು. ಆದರೂ ಮಕ್ಕಳಾಗದ್ದು ನನ್ನ ತಪ್ಪು. ಅತ್ತೆ ಗೌರವ್ವ ನನ್ನನ್ನು ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದಳು, ಬನಶಂಕರಿಗೆ ಹರಕೆ ಹೊತ್ತಳು, ಬಾದಾಮಿ ಕಡೆ ಬೇರು ಕೊಡುವ ಒಬ್ಬನನ್ನು ಹುಡುಕಿದಳು. ಅವನು ಕೊಟ್ಟ ಕಷಾಯ ಎಷ್ಟು ಕಹಿ ಎಂದರೆ, ನಾನು ಲೋಟ ತೊಳೆದು ಚೆಲ್ಲಿದ ನೀರು ಕುಡಿದ ಕೋಳಿ ಎರಡು ದಿನ ಕೂಗಲಿಲ್ಲ. ದವಾಖಾನೆಯ ಡಾಕ್ಟರಬಾಯಿ ಪ್ರತಿ ಸಲವೂ "ಇವರದು ಎಲ್ಲಾ ಸರಿ ಐತಿ, ಯಜಮಾನರನ್ನ ಕರಕೊಂಡು ಬರ್ರಿ" ಎನ್ನುತ್ತಿದ್ದಳು. ಅತ್ತೆ ಆ ಮಾತು ಮುಗಿಯುವ ಮೊದಲೇ ಎದ್ದು ಚಪ್ಪಲಿ ಹುಡುಕುತ್ತಿದ್ದಳು.

ಒಮ್ಮೆ ಬಸ್ಸಿನಲ್ಲಿ ಕೇಳಿಯೇ ಬಿಟ್ಟೆ: "ಅತ್ತಿ, ಅವರನ್ನೂ ಒಮ್ಮೆ ತೋರಿಸಬಾರದೇನ್ರಿ?"

"ಗಂಡಸರನ್ನ ತೋರ್ಸತಾರೇನು? ಹುಚ್ಚಿ. ಮಿಲಿಟ್ರಿಯಾಗ ಎದಿ ಅಳದು ತಗೊಂಡಾರ ನನ್ನ ಮಗನ್ನ."

ಎದೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವ ಧೈರ್ಯ ಬಸ್ಸಿನ ತುಂಬ ಮಂದಿ ಇದ್ದದ್ದರಿಂದ ಬರಲಿಲ್ಲ.

ಎಂಬತ್ತರ ದಶಕದ ನಡುವೆ ಇವರಿಗೆ ಪೆನ್ಶನ್ ಹತ್ತಿರ ಬಂತು. ಅತ್ತೆ ತನ್ನ ತಮ್ಮ ರುದ್ರಪ್ಪನ ಮಗಳು ಕಮಲಾಳನ್ನು ಇವರಿಗೆ ತರುವುದೆಂದು ನಿಶ್ಚಯಿಸಿದಳು. ರುದ್ರಪ್ಪನದು ಬಾದಾಮಿ ಬನಶಂಕರಿಯಲ್ಲಿ, ಗುಡಿಯ ಹತ್ತಿರ ಬಳೆ ಅಂಗಡಿ. ಸೋದರಮಾವನ ಮಗಳು, ಹಕ್ಕಿನ ಹೆಣ್ಣು. ನೌಕರಿಯಲ್ಲಿದ್ದಾಗ ಎರಡನೇ ಮದುವೆ ಮಾಡಿಕೊಂಡರೆ ಮಿಲಿಟರಿಯವರು ಹೊರಗೆ ಹಾಕುತ್ತಾರೆ, ಪೆನ್ಶನ್ ಆದ ಮೇಲೆ ಯಾರು ಕೇಳುತ್ತಾರೆ ಎಂಬುದು ಅವರ ಲೆಕ್ಕ. ಕಾಯಿದೆ ಏನು ಹೇಳುತ್ತದೆ ಎಂದು ನಮ್ಮೂರಲ್ಲಿ ಕಾಯಿದೆಗೂ ಗೊತ್ತಿರಲಿಲ್ಲ. ನನಗೆ ಎತ್ತಿನ ಗೋದಲಿಯ ಪಕ್ಕದ ಕೋಣೆ. ಅದನ್ನು ಅತ್ತೆ ಸಾರಿಸಿಯೂ ಇಟ್ಟಳು. ಹಾಗೆ ನೋಡಿದರೆ ಒಳ್ಳೆಯ ಕೋಣೆ, ಗಾಳಿ ಬರುತ್ತಿತ್ತು. ಆದರೆ ಹದಿಮೂರು ವರ್ಷ ನಾನೇ ಒಲೆ ಹೊತ್ತಿಸಿದ ಮನೆಯಲ್ಲಿ ಇನ್ನೊಬ್ಬಳು ಬಡಿಸಿದ ತಾಟು ಗೋದಲಿಯ ಪಕ್ಕ ಕೂತು ಉಣ್ಣುವುದು ನನಗೆ ಬೇಡವಾಗಿತ್ತು. ಬೇಡ ಎನ್ನಲು ಯಾರೂ ನನ್ನನ್ನು ಕೇಳಲಿಲ್ಲ.

ಇವರನ್ನು ಕೇಳಿದೆ. ರಜೆಗೆ ಬಂದು ಅಂಗಳದಲ್ಲಿ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದರು.

"ನಿಮ್ಮ ಮನಸಿನಾಗ ಏನೈತಿ?"

"ಅವ್ವ ಹೇಳಿದ್ದು" ಎಂದರು. ಬೂಟು ಮಿಂಚುವವರೆಗೆ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಈ ಮಂಜಿನ ಊರಿನ ಸುದ್ದಿ ಬಂತು. ಸರಕಾರದವರು ಹಡಗು ಮಾಡಿಕೊಂಡು ಭೂಮಿಯ ಕೆಳತುದಿಗೆ ಹೋಗುತ್ತಾರೆ, ವಿಜ್ಞಾನಿಗಳು ಮಂಜು ಕೊರೆದು ನೋಡುತ್ತಾರೆ, ಅವರಿಗೆಲ್ಲ ಊಟ ಹಾಕಲು ಅಡಿಗೆಯವರು ಬೇಕು. ಲಡಾಖಿನ ಚಳಿಯಲ್ಲಿ ಒಲೆ ಆರಲು ಬಿಡದವನು ಎಂದು ಇವರನ್ನು ಆರಿಸಿದರಂತೆ. ಊರಿನಲ್ಲಿ ಯಾರೂ ನಂಬಲಿಲ್ಲ. ಅತ್ತೆ ಮಾತ್ರ ಒಂದೇ ಪ್ರಶ್ನೆ ಕೇಳಿದಳು.

"ಎಳ್ಳಮಾಸಿಗೆ ಎಲ್ಲಿರ್ತಿ?"

"ಅಲ್ಲೇ, ಮಂಜಿನ ಮ್ಯಾಲ."

"ಮತ್ತ ಚರಗ?"

ನಮ್ಮ ಕಡೆಯವರಲ್ಲದವರಿಗೆ ಹೇಳಬೇಕು. ಎಳ್ಳು ಅಮಾವಾಸ್ಯೆಯ ಹೊತ್ತಿಗೆ ಹೊಲದಲ್ಲಿ ಬಿಳಿಜೋಳ ಹೊಟ್ಟೆಯೊಳಗೆ ತೆನೆ ಕಟ್ಟಿಕೊಂಡು ನಿಂತಿರುತ್ತದೆ. ಭೂಮಿತಾಯಿ ಬಸಿರಿ. ಅವಳಿಗೆ ಬಯಕೆಯ ಊಟವೆಂದು ಕಡುಬು, ರೊಟ್ಟಿ, ಪಲ್ಯ, ಬಾನದ ಅನ್ನ ಎಲ್ಲ ಕಲಸಿ, "ಹುಲ್ಲುಲ್ಲಿಗೋ" ಎಂದು ಕೂಗುತ್ತಾ ಹೊಲದ ನಾಲ್ಕೂ ಮೂಲೆಗೆ ಚೆಲ್ಲುತ್ತೇವೆ. ಅದೇ ಚರಗ. ಕೂಗಿನ ಅರ್ಥ ನನಗೆ ಗೊತ್ತಿಲ್ಲ, ಭೂಮಿಗೆ ಗೊತ್ತಿದ್ದರೆ ಸಾಕು. ಇವರು ಎಲ್ಲಿದ್ದರೂ ಆ ದಿನ ಚರಗ ಚೆಲ್ಲಬೇಕೆಂದು ಅತ್ತೆಯ ಕಟ್ಟಪ್ಪಣೆ. ರಾಜಸ್ಥಾನದ ಮರಳಿನಲ್ಲಿ ಚೆಲ್ಲಿದ್ದರು. ಲಡಾಖಿನಲ್ಲಿ ಬಂಕರಿನ ಸುತ್ತ ಚೆಲ್ಲುವಾಗ ಸದ್ದು ಕೇಳಿ ಶತ್ರು ಬಂದನೆಂದು ಕಾವಲಿನವನು ಬಂದೂಕು ಎತ್ತಿದ್ದನಂತೆ.

"ಯವ್ವಾ, ಅಲ್ಲಿ ಮಣ್ಣ ಇಲ್ಲ" ಎಂದರು ಇವರು.

"ಮಣ್ಣಿಲ್ಲದ ಭೂಮಿ ಇರ್ತೈತೇನು? ಮಂಜಿನ ಕೆಳಗ ಇರ್ತೈತಿ. ಆಕಿ ಮುಸುಕ ಹಾಕ್ಕೊಂಡು ಮಲಗಿರ್ತಾಳ. ನೀ ಚೆಲ್ಲು."

ಹೀಗಾಗಿ ಓಣಿಯ ಹೆಂಗಸರೆಲ್ಲ ಸೇರಿ ಮಂಜಿನ ಊರಿಗೆ ಬುತ್ತಿ ಕಟ್ಟಿದೆವು. ಎಳ್ಳು ಹಚ್ಚಿದ ಸಜ್ಜೆಯ ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಅಗಸಿ ಚಟ್ನಿ, ಮತ್ತೆ ಒಂದು ದೊಡ್ಡ ಭರಣಿ ರಂಜಕ. ರಂಜಕವೆಂದರೆ ಹಣ್ಣು ಮೆಣಸಿನಕಾಯಿ ರುಬ್ಬಿದ ಕೆಂಪು ಚಟ್ನಿ. ಅದನ್ನು ನಾನು ರುಬ್ಬಿದೆ. ಆ ದಿನವೇ ಅತ್ತೆ ಹೆಂಗಸರ ಮುಂದೆ, "ಬಂದ ಕೂಡ್ಲೆ ಕಮಲಾನ ಕೂಡ ಎಲಿ ಅಡಿಕಿ ಮಾಡಿಬಿಡೋದು" ಎಂದಳು. ನಾನು ರುಬ್ಬುವ ಗುಂಡನ್ನು ನಿಲ್ಲಿಸಲಿಲ್ಲ. ಆದರೆ ಖಾರ ಸ್ವಲ್ಪ ಹೆಚ್ಚಾಯಿತು.

ಇವರು ಗೋವಾದಲ್ಲಿ ಹಡಗು ಹತ್ತಿದರು. ಇಲ್ಲಿ ಎಳ್ಳಮಾಸಿ ಬಂದಾಗ ಅತ್ತೆ ಚರಗದ ಬುಟ್ಟಿಯನ್ನು ನನ್ನ ತಲೆಯ ಮೇಲೆ ಇಡದೆ ಪಕ್ಕದ ಮನೆಯ ಬಾಣಂತಿಗೆ ಹೊರಿಸಿದಳು. ಅವಳಿಗೆ ಕತ್ತು ನೋವು ಬಂದು ಬದುವಿನ ಮೇಲೆ ಕೂತುಬಿಟ್ಟಳು. ಕೊನೆಗೆ ಹೊತ್ತದ್ದು ನಾನೇ.

ಅದೇ ದಿನ ಭೂಮಿಯ ಆ ತುದಿಯಲ್ಲಿ ಆದದ್ದನ್ನು ಇವರು ವಾಪಸು ಬಂದ ಮೇಲೆ ಕಟ್ಟೆಯ ಮೇಲೆ ಕೂತು ಹೇಳಿದರು. ಓಣಿಯ ಮಂದಿ ದಿನಾ ಬಂದು ಅದನ್ನೇ ಕೇಳುತ್ತಿದ್ದರು. ನನಗೆ ಬಾಯಿಪಾಠವಾಗಿದೆ.

ಅಲ್ಲಿ ಆ ಕಾಲಕ್ಕೆ ಸೂರ್ಯ ಮುಳುಗುವುದಿಲ್ಲ. ಸುಮ್ಮನೆ ದನ ಕಾಯುವವನಂತೆ ಸುತ್ತು ಹಾಕುತ್ತಿರುತ್ತಾನೆ. ಕತ್ತಲೆ ಇಲ್ಲದ ಊರಲ್ಲಿ ಅಮಾವಾಸ್ಯೆ ಯಾವಾಗ ಎಂದು ತಿಳಿಯಲು ಇವರು ಅಡಿಗೆ ಡೇರೆಯಲ್ಲಿ ಕ್ಯಾಲೆಂಡರ್ ತೂಗುಹಾಕಿದ್ದರು. ಆ ದಿನ ಬೆಳಿಗ್ಗೆಯೇ ಎಲ್ಲರಿಗೂ ಉಪ್ಪಿಟ್ಟು ಹಾಕಿ, ಕಡುಬು ಕುದಿಸಿ, ನಮ್ಮ ರೊಟ್ಟಿ ಮುರಿದು, ಅನ್ನ ಕಲಸಿ, ಅಷ್ಟೂ ರಂಜಕ ಸುರಿದು ಬುಟ್ಟಿ ತುಂಬಿಕೊಂಡು ಹೊರಟರು. ಆದರೆ ಎಲ್ಲಿ ಚೆಲ್ಲುವುದು? ಸುತ್ತ ಕಣ್ಣು ಹಾಯಿಸಿದಷ್ಟು ಬಿಳುಪು. ಬದು ಇಲ್ಲ, ಬನ್ನಿಗಿಡ ಇಲ್ಲ. ಒಕ್ಕಲಿಗನಿಗೆ ಗಡಿ ಇಲ್ಲದ ಭೂಮಿ ನೋಡಿದರೆ ಕಾಲು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಅಷ್ಟರಲ್ಲಿ ಸ್ವಲ್ಪ ದೂರದಲ್ಲಿ ನಾಲ್ಕು ಮೂಲೆಗೆ ನಾಲ್ಕು ಕಂಬಿ ನೆಟ್ಟು, ನಾಲ್ಕಕ್ಕೂ ಕೆಂಪು ಬಟ್ಟೆ ಕಟ್ಟಿದ ಒಂದು ತುಂಡು ಕಂಡಿತು. ನಮ್ಮ ಎರೆಹೊಲದಷ್ಟೇ ಇತ್ತು, ಚೊಕ್ಕ ಚೌಕ. ಯಾರೋ ಹೊಲದ ಹದ್ದು ಗುರುತಿಸಿಟ್ಟಿದ್ದಾರೆ, ಪುಣ್ಯಾತ್ಮರು ಎಂದುಕೊಂಡು ಒಳಗೆ ಹೋದರು. ಹೋಗುವಾಗ ಬೂಟು ಕಳಚಿದರಂತೆ, ಭೂಮಿತಾಯಿಗೆ ಮರ್ಯಾದೆ ಎಂದು. ಎರಡು ಹೆಜ್ಜೆಗೆ ಮತ್ತೆ ಹಾಕಿಕೊಂಡರು.

"ಹುಲ್ಲುಲ್ಲಿಗೋ!" ಎಂದು ಕೂಗಿ ಚೆಲ್ಲುತ್ತಾ ಮೂಲೆಯಿಂದ ಮೂಲೆಗೆ ನಡೆದರು. ನಮ್ಮಲ್ಲಿ ಹಿಂದೆ ಒಬ್ಬರು ನೀರು ಚಿಮುಕಿಸುತ್ತಾ ದನಿಗೂಡಿಸಬೇಕು. ಅಲ್ಲಿ ಯಾರೂ ಇಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಕತ್ತೆ ಒದರಿದ ಹಾಗೆ ದನಿ ಬಂತು. ತಿರುಗಿ ನೋಡಿದರೆ ಪೆಂಗ್ವಿನ್ ಹಕ್ಕಿಗಳು. ಕರಿ ಕೋಟು ಹಾಕಿಕೊಂಡ ವಕೀಲರ ಹಾಗೆ ಸಾಲಾಗಿ ಹಿಂಬಾಲಿಸುತ್ತಿದ್ದವು. ಕಡುಬನ್ನು ಮೂಸಿಯೂ ನೋಡಲಿಲ್ಲ, ಸುಮ್ಮನೆ ಮೆರವಣಿಗೆಗೆ ಬಂದಿದ್ದವು.

ಅಷ್ಟು ಹೊತ್ತಿಗೆ ಮೇಲೆ ಹೆಲಿಕಾಪ್ಟರ್ ಹಾದುಹೋಯಿತು. ಅದನ್ನು ನಡೆಸುವವನಿಗೆ ಕೆಳಗೆ ಕಂಡದ್ದು ಬಿಳಿ ಮಂಜು, ಅದರ ಮೇಲೆ ಉದ್ದಕ್ಕೂ ಕೆಂಪು, ನಡುವೆ ಕೈ ಬೀಸುತ್ತಾ ತೂರಾಡುವ ಒಬ್ಬ ಮನುಷ್ಯ. ಅಡಿಗೆಯವನಿಗೆ ಏನೋ ಆಗಿದೆ, ರಕ್ತ ಕೋಡಿ ಹರಿಯುತ್ತಿದೆ ಎಂದು ವೈರ್‌ಲೆಸ್ಸಿನಲ್ಲಿ ಒದರಿದ. ಡೇರೆಗಳಿಂದ ಎಲ್ಲರೂ ಓಡಿಬಂದರು. ಮುಂದೆ ಡಾಕ್ಟರು, ಹಿಂದೆ ಸ್ಟ್ರೆಚರು. ಡಾಕ್ಟರು ಬಗ್ಗಿ ಕೆಂಪನ್ನು ಬೆರಳಲ್ಲಿ ಮುಟ್ಟಿ, ಮೂಸಿ, ನಾಲಗೆಗೆ ಹಚ್ಚಿ ನೋಡಿ ಕೆಮ್ಮುತ್ತಾ ಕೂತುಬಿಟ್ಟರು. ಸ್ಟ್ರೆಚರಿನ ಮೇಲೆ ಮೊದಲು ಮಲಗಿದವರು ಅವರೇ. ನನ್ನ ರಂಜಕ.

ತಂಡದ ಮುಖ್ಯಸ್ಥರು ಬಂದು ನೋಡಿ ತಲೆಯ ಮೇಲೆ ಕೈ ಹೊತ್ತರು. ಆ ನಾಲ್ಕು ಕಂಬಿಯ ತುಂಡು ಹೊಲವಲ್ಲ. ಮನುಷ್ಯನ ಕಾಲು ಬೀಳದ, ಹೊಗೆ ತಾಗದ ಜಾಗ ಎಂದು ಹುಡುಕಿ ಹುಡುಕಿ ಗುರುತು ಮಾಡಿಟ್ಟದ್ದು. ಅಲ್ಲಿಯ ಮಂಜನ್ನು ಪದರ ಪದರವಾಗಿ ತೆಗೆದು ಹಿಂದಿನ ಕಾಲದ ಗಾಳಿ ಹೇಗಿತ್ತು, ಧೂಳು ಹೇಗಿತ್ತು ಎಂದು ವಿಜ್ಞಾನಿಗಳು ನೋಡುವವರಿದ್ದರು. ಈಗ ನೋಡಿದರೆ ಹಿಂದಿನ ಕಾಲದಲ್ಲಿ ಅಲ್ಲಿ ಸಜ್ಜೆ ಬೆಳೆಯುತ್ತಿತ್ತು ಎಂದು ಬರೆಯಬೇಕಾಗುತ್ತದೆ.

ಇವರು ಕೈಮುಗಿದು, "ಸಾಹೇಬ್ರ, ತಿನ್ನೋ ವಸ್ತುರಿ. ಕೊಳತು ಹೋಗತೈತಿ" ಎಂದರಂತೆ.

ಸಾಹೇಬರು ಹೇಳಿದ ಮಾತನ್ನು ಇವರು ಕನ್ನಡ ಮಾಡಿ ಹೇಳುತ್ತಿದ್ದರು. "ಇಲ್ಲಿ ಏನೂ ಕೊಳಿಯೂದಿಲ್ಲಪಾ. ನೀ ಇವತ್ತ ಒಗದ ಕಡಬು ನಿನ್ನ ಮರಿಮಗ ಬಂದ್ರೂ ಹಿಂಗ ಇರ್ತೈತಿ. ಈ ನೆಲಕ್ಕ ಹೊಟ್ಟಿ ಇಲ್ಲ. ಹಾಕಿದ್ದು ಅರಗೂದಿಲ್ಲ. ಒಂದು ಹೆಜ್ಜಿ ಇಟ್ರ ಅದು ಸೈತ ಹಂಗ ಉಳೀತೈತಿ."

ಇದನ್ನು ಕೇಳಿದಾಗಲೆಲ್ಲ ನನಗೆ ವಿಚಿತ್ರ ಎನಿಸುತ್ತಿತ್ತು. ನಮ್ಮ ಎರೆಭೂಮಿ ಸತ್ತ ಎಮ್ಮೆಯನ್ನೇ ಒಂದು ಮಳೆಗಾಲದಲ್ಲಿ ನುಂಗಿ ನೀರು ಕುಡಿಯುತ್ತದೆ. ನಾವು ಹೊಲಸು ಹಾಕುತ್ತೇವೆ, ಅದು ಜೋಳ ಕೊಡುತ್ತದೆ. ಅದಕ್ಕೇ ನಮಗೆ ಭೂಮಿ ಎಂದರೆ ಸದರ. ಆ ಮಂಜಿನ ನೆಲ ಬೆಟ್ಟದಷ್ಟು ದಪ್ಪ, ಆದರೆ ಒಂದು ಕಡುಬಿಗೆ ಹಾಳಾಗುತ್ತದೆ. ಒಂದು ಕಾಳು ಬೆಳೆಯುವುದಿಲ್ಲ, ಒಂದು ಹುಲ್ಲುಕಡ್ಡಿ ಹಡೆಯುವುದಿಲ್ಲ. ಆದರೂ ಅದಕ್ಕೆ ಯಾರೂ ಮುಟ್ಟಬಾರದೆಂದು ಕಾವಲು. ಮಕ್ಕಳಾಗದ ನೆಲಕ್ಕೆ ಇಷ್ಟು ಮರ್ಯಾದೆ ಕೊಡುವ ಜನ ಭೂಮಿಯ ಮೇಲೆ ಇದ್ದಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ಕಷಾಯ ಕುಡಿಸಲಿಲ್ಲವಲ್ಲ ಅದಕ್ಕೆ.

ಸಾಹೇಬರು ಇವರಿಂದ ಚೆಲ್ಲಿದ್ದನ್ನೆಲ್ಲ ಎತ್ತಿಸಿದರು. ಇವರು ಅಡಿಗೆಯ ಜರಡಿ ತಂದು ಮಂಜನ್ನು ಸಾಣಿಸಿದರು. ಎಳ್ಳು ಒಂದು ಕಡೆ, ಅನ್ನದ ಅಗಳು ಒಂದು ಕಡೆ, ಮಂಜು ಒಂದು ಕಡೆ. ಕೆಂಪಾದ ಮಂಜನ್ನು ಸಲಿಕೆಯಿಂದ ಕೆರೆದು ಡಬ್ಬಿಗಳಿಗೆ ತುಂಬಿದರು. ಒಂದು ಕಂದು ಹಕ್ಕಿ ಒಂದು ಕಡುಬು ಕಚ್ಚಿಕೊಂಡು ಹಾರಿತು. ಇವರು ಕಲ್ಲು ಹುಡುಕಿದರೆ ಅಲ್ಲಿ ಕಲ್ಲೂ ಇಲ್ಲ. ಮಂಜಿನ ಹೆಂಟೆ ಎತ್ತಿದಾಗ ಸಾಹೇಬರು, "ಹಕ್ಕಿಗೆ ಹೊಡೀಬ್ಯಾಡ, ಅದೂ ತಪ್ಪು" ಎಂದರು. ಆ ಡಬ್ಬಿಗಳೆಲ್ಲ ಹಡಗು ಏರಿ ಗೋವಾಕ್ಕೆ ವಾಪಸು ಬಂದವು. ಮಂಜು ಕರಗಿ ತೆಳ್ಳನೆಯ ಸಾರಾಗಿತ್ತು. ನನ್ನ ರಂಜಕ ಭೂಮಿಯ ತುದಿ ನೋಡಿ ಬಂತು, ನಾನು ಇನ್ನೂ ಸೊಲ್ಲಾಪುರ ನೋಡಿಲ್ಲ.

ಮಂಜು ಸಾಣಿಸುವಾಗ ಆ ಡಾಕ್ಟರು ಕೆಮ್ಮು ನಿಂತ ಮೇಲೆ ಇವರ ಪಕ್ಕ ಕೂತು ಎಳ್ಳು ಆರಿಸಲು ಸಹಾಯ ಮಾಡಿದರಂತೆ. ಕಥೆ ಇಲ್ಲಿಗೆ ಬಂದಾಗ ಇವರು ಪ್ರತಿ ಸಲ, "ಡಾಕ್ಟರು ಕೇಳಿದ್ರು, ಏನಪಾ ಇದು ನಿಮ್ಮ ಹಬ್ಬ ಅಂತ. ನಾ ಹೇಳಿದ್ನಿ, ಬಸರಿ ಭೂಮಿಗೆ ಬಯಕಿ ಊಟ ಅಂತ. ಅದಕ್ಕ ಅವರು..." ಎಂದು ನಿಲ್ಲಿಸಿ, ತಂಬಿಗೆ ಎತ್ತಿ ನೀರು ಕುಡಿದು, ಪೆಂಗ್ವಿನ್ನಿನ ಕಡೆಗೆ ಹೊರಳಿಬಿಡುತ್ತಿದ್ದರು. ಓಣಿಯವರು ಗಮನಿಸಲಿಲ್ಲ. ನಾನು ನೀರಿನ ತಂಬಿಗೆ ತುಂಬುವವಳು, ಅದು ಎಲ್ಲಿ ಖಾಲಿಯಾಗುತ್ತದೆ ಎಂದು ನನಗೆ ಗೊತ್ತು.

ಪೆನ್ಶನ್ ಆಯಿತು. ಬೇಸಿಗೆ ಏರಿದಾಗ ರುದ್ರಪ್ಪ ಬನಶಂಕರಿಯಿಂದ ಸಕ್ಕರೆ, ಕಾಯಿ, ಎಲೆ ಅಡಿಕೆ ಹಿಡಿದುಕೊಂಡು ಬಂದ. ಓಣಿಯ ಇಬ್ಬರು ಹಿರಿಯರನ್ನು ಕರೆದು ಪಡಸಾಲೆಯಲ್ಲಿ ಕಂಬಳಿ ಹಾಸಿದರು. ನಾನು ಒಳಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತೆ. ನನ್ನ ಟ್ರಂಕು ಆಗಲೇ ಗೋದಲಿಯ ಪಕ್ಕದ ಕೋಣೆಗೆ ಹೋಗಿತ್ತು.

ರುದ್ರಪ್ಪ ವ್ಯವಹಾರದ ಮನುಷ್ಯ. ಮೊದಲು ಭೂಮಿಯ ಮಾತು ತೆಗೆದ. "ಅಳಿಯಾ, ಆ ಮಂಜಿನ ಊರಾಗ ಎಷ್ಟು ಎಕರೆ ಜಾಗ ಐತಿ?"

"ನಮ್ಮ ದೇಶಕ್ಕಿಂತ ದೊಡ್ಡದೈತಿ ಮಾವ."

"ಯಾರ ಹೆಸರಿನಾಗ ಐತಿ?"

"ಯಾರ ಹೆಸರಿನಾಗೂ ಇಲ್ಲ."

"ಮತ್ತ ನೀ ನಾಲ್ಕ ಕಂಬಿ ನೆಟ್ಟು ಬರೂದಲ್ಲೇನು! ಅಷ್ಟು ದೂರ ಹೋಗಿ ಅಡಿಗಿ ಮಾಡಿ ಬಂದಿ?"

"ಅಲ್ಲಿ ಏನೂ ಬೆಳಿಯೂದಿಲ್ಲ ಮಾವ."

"ಬೆಳೀಲಿಕ್ಕ ಯಾಕ? ಗುಂಟೆ ಗುಂಟೆ ಮಾಡಿ ಮಾರಿದ್ರಾತು. ಹ್ವಾದಲ್ಲ, ನೀವು ಒಲಿ ಹೊತ್ತಿಸಿದ್ರ ಕೆಳಗಿನ ಮಂಜು ಕರಗಿ ಎಲ್ಲಾರೂ ಸಮುದ್ರಕ್ಕ ಬೀಳೂದಿಲ್ಲೇನು?"

ಹಿರಿಯರು ತಲೆದೂಗಿದರು. ಆ ಪ್ರಶ್ನೆಗೆ ಇವತ್ತಿನ ಟೀವಿಯವರೂ ತಲೆದೂಗುತ್ತಿದ್ದರು. ರುದ್ರಪ್ಪನ ಬಾಯಿಂದ ಬಂದ ಒಂದೇ ಶ್ಯಾಣ್ಯಾತನದ ಮಾತು ಅದು, ಅವನಿಗೇ ಗೊತ್ತಿರಲಿಲ್ಲ.

"ಮಂಜು ಸಾಕು. ಎಲಿ ಅಡಿಕಿ ಇ‌ಡು ತಮ್ಮಾ" ಎಂದಳು ಅತ್ತೆ.

ರುದ್ರಪ್ಪ ಎಲೆ ತೆಗೆದು ಇವರ ಮುಂದೆ ಚಾಚಿದ. ಇವರು ಕೈ ಮುಂದೆ ಮಾಡಲಿಲ್ಲ. ತಂಬಿಗೆಗೆ ಕೈ ಹಾಕಿದರು, ಅದು ಖಾಲಿ ಇತ್ತು. ಆ ದಿನ ನಾನು ತುಂಬಿರಲಿಲ್ಲ.

"ಯವ್ವಾ, ಡಾಕ್ಟರು ಕೇಳಿದ್ರು" ಎಂದರು.

"ಯಾವ ಡಾಕ್ಟರಲೇ?"

"ಮಂಜಿನಾಗಿನ ಡಾಕ್ಟರು. ಈ ಭೂಮಿ ಬಸರಿಲ್ಲಲ್ಲಪಾ, ಯಾಕ ಚೆಲ್ಲಿದಿ ಅಂದ್ರು. ನಾ ಚಾಷ್ಟಿಗೆ ಹೇಳಿದ್ನಿ, ನಮ್ಮನಿಯಾಗೂ ಇಲ್ರಿ, ಮತ್ತೊಂದ ಮದಿವಿ ಐತ್ರಿ ಅಂತ. ಹೆಂಡ್ತಿನ್ನ ತೋರಿಸಿರೇನು ಅಂದ್ರು. ತೋರ್ಸೇವ್ರಿ ಅಂದ್ನಿ. ನಿನ್ನ ತೋರಿಸಿಯೇನು ಅಂದ್ರು."

ಪಡಸಾಲೆಯಲ್ಲಿ ಯಾರೂ ಎಲೆ ಜಗಿಯುತ್ತಿರಲಿಲ್ಲ.

"ಅವ್ರ ಹತ್ತರ ಮೈಕ್ರೋಸ್ಕೋಪ್ ಇತ್ತು. ನೋಡಿದ್ರು. ಪುಣೆಕ್ಕ ಬಂದ ಮ್ಯಾಲ ದೊಡ್ಡ ದವಾಖಾನ್ಯಾಗೂ ನೋಡಿದ್ರು. ಹೊಲ ಚೊಲೋನ ಐತೆವ್ವಾ. ಬೀಜ ಜೊಳ್ಳು."

ಆ ಮೈಕ್ರೋಸ್ಕೋಪು ಮಂಜಿನಲ್ಲಿ ಬದುಕುವ ಕಣ್ಣಿಗೆ ಕಾಣದ ಹುಳಗಳನ್ನು ನೋಡಲು ತಂದದ್ದಂತೆ. ಮೂಗಿನ ಸಿಂಬಳ ಹೆಪ್ಪುಗಟ್ಟುವ ಆ ಚಳಿಯಲ್ಲಿ ಇವರು ಪರೀಕ್ಷೆಗೆ ಹೇಗೆ ಕೊಟ್ಟರು ಎಂದು ನಾನು ಕೇಳಲಿಲ್ಲ. ಸರಕಾರದವರ ಸಾಹಸದ ಪಟ್ಟಿಯಲ್ಲಿ ಅದನ್ನು ಬರೆದಿರಲಾರರು. ಬಾಗಲಕೋಟೆಯ ಡಾಕ್ಟರಬಾಯಿ ಒಂದು ಬಸ್ಸಿನ ದಾರಿಯಲ್ಲಿ ಕೂತು ಕರೆಯುತ್ತಿದ್ದಳು, ಈ ಮನುಷ್ಯ ಭೂಮಿಯ ತುದಿಗೆ ಹೋಗಿ ತೋರಿಸಿಕೊಂಡು ಬಂದ.

ಹಿರಿಯರಲ್ಲಿ ಒಬ್ಬ ಕೆಮ್ಮಿದ. ಇನ್ನೊಬ್ಬನಿಗೆ ಥಟ್ಟನೆ ಎತ್ತಿಗೆ ನೀರು ತೋರಿಸುವುದು ನೆನಪಾಯಿತು. ಅತ್ತೆ ಮಾತ್ರ ಸ್ವಲ್ಪವೂ ಅಲುಗಲಿಲ್ಲ. ಯೋಚನೆ ಮಾಡಿದಳು. ಆಮೇಲೆ ಮುಖ ಬೆಳಗಿತು.

"ಥಂಡ್ಯಾಗ ಹಾಳಾಗ್ಯಾವ" ಎಂದಳು.

"ಏನು?"

"ಬೀಜ. ಅಷ್ಟು ದಿನ ಮಂಜಿನಾಗ ಕುಂತ್ರ ಯಾರವರ ಹಾಳಾಗ್ತಾವ. ಮದಲ ಚೊಲೋ ಇದ್ದುವು. ತಮ್ಮಾ, ಒಂದ ಬ್ಯಾಸಿಗಿ ತಡಿ. ಬಿಸಲಿಗೆ ಕುಂದ್ರಸತೇನಿ. ಕರಗಿ ಸರಿ ಆಗತಾನ."

"ಮಂಜಿಗೆ ಹೋಗೂಕಿಂತ ಮದಲ ಹದಿಮೂರ ವರ್ಷ ಏನ ಆಗಿತ್ತು ಅಕ್ಕಾ?" ಎಂದ ರುದ್ರಪ್ಪ.

"ಲಡಾಖಿನಾಗ ಇದ್ದನಲ್ಲ! ಅದೂ ಥಂಡಿನ!"

"ರಾಜಸ್ಥಾನದಾಗೂ ಇದ್ನಲ್ಲ."

"ಅಲ್ಲಿ ರಾತ್ರಿ ಥಂಡಿ ಇರ್ತೈತಿ."

ರುದ್ರಪ್ಪ ಎಲೆ ಅಡಿಕೆಯನ್ನು ಪುಡಿಕೆ ಕಟ್ಟಿದ. ಸಕ್ಕರೆಯನ್ನೂ ಎತ್ತಿಕೊಂಡ. "ನನ್ನ ಮಗಳು ಇಲ್ಲಿ ಬಂದು ನಿನ್ನ ಮಗನ್ನ ಸಂಡಿಗಿ ಹಂಗ ಒಣಗಿಸ್ಕೋತ ಕುಂದರಬೇಕೇನು?" ಎಂದು ಚಪ್ಪಲಿ ಮೆಟ್ಟಿದ. ಕಾಯಿಯನ್ನು ಬಿಟ್ಟು ಹೋದ, ಅವಸರಕ್ಕೆ. ಕಮಲಾಳಿಗೆ ಮುಂದೆ ಬಾಗಲಕೋಟೆಯ ಹುಡುಗ ಸಿಕ್ಕ. ಈಗಲೂ ಮದುವೆ ಮನೆಗಳಲ್ಲಿ ಎದುರಾದರೆ ನನ್ನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾಳೆ. ನಾನೂ ನಗುತ್ತೇನೆ. ನಮ್ಮ ನಡುವೆ ಬೇರೆ ಮಾತು ಬೇಕಿಲ್ಲ.

ನನ್ನ ಟ್ರಂಕನ್ನು ನಾನೇ ಎತ್ತಿಕೊಂಡು ಬಂದು ಇದ್ದ ಜಾಗದಲ್ಲಿ ಇಟ್ಟೆ. ಕ್ಷಮೆ ಗಿಮೆ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅತ್ತೆ ಹೇಳಿದಂತೆ ಮಾಡುವ ಹೆಂಗಸು. ಮರುದಿನದಿಂದಲೇ ಇವರನ್ನು ಮಾಳಿಗೆಯ ಮೇಲೆ ಹತ್ತಿಸಿದಳು. ಹುನಗುಂದದ ಕಡೆಯ ಬೇಸಿಗೆ ನಿಮಗೆ ಗೊತ್ತಲ್ಲ, ಕಾಗೆಗಳೂ ಬಾಯಿ ತೆರೆದುಕೊಂಡು ಕೂರುತ್ತವೆ. ಅಲ್ಲಿ ಒಂದು ಕಡೆ ಸಂಡಿಗೆ, ಒಂದು ಕಡೆ ಹಪ್ಪಳ, ನಡುವೆ ಚಾಪೆಯ ಮೇಲೆ ನಮ್ಮ ಮನೆಯವರು. ಮಂಜಿನ ಊರು ನೋಡಿಬಂದ ಮನುಷ್ಯ ಚಡ್ಡಿಯಲ್ಲಿ ಬೋರಲು ಮಲಗಿದ್ದರು. ಓಣಿಯ ಹುಡುಗರು ಎದುರಿನ ಮಾಳಿಗೆ ಹತ್ತಿ ನೋಡುತ್ತಿದ್ದರು.

ಒಂದು ಮಧ್ಯಾಹ್ನ ನೀರು ತೆಗೆದುಕೊಂಡು ಹೋದೆ. ಬೆನ್ನು ಕೆಂಪಗಾಗಿತ್ತು.

"ಸುಮ್ಮನಿದ್ದಿದ್ರ ನಡೀತಿತ್ತು. ಯಾರಿಗೂ ಗೊತ್ತಾಗತಿದ್ದಿಲ್ಲ. ಎಲ್ಲಾರ ಮುಂದ ಯಾಕ ಹೇಳಿದ್ರಿ?" ಎಂದೆ.

ಅವರು ಕಣ್ಣು ತೆರೆಯದೆ ಹೇಳಿದರು. "ಅಲ್ಲಿ ಜರಡಿ ಹಿಡಕೊಂಡು ಕುಂತಾಗ ಒಂದು ಎಳ್ಳು ಕಣ್ಣಿಗೆ ಬಿದ್ರೂ ಎತ್ತೂಮಟ ಸಾಹೇಬ್ರು ಬಿಡಲಿಲ್ಲ. ಬಿಟ್ರ ಅದು ಅಲ್ಲೇ ಇರ್ತೈತಂತ, ನಾವು ಸತ್ರೂ. ಹಡಗಿನಾಗ ಬರೂಮುಂದ ಅದನ್ನ ಇಚಾರ ಮಾಡ್ಕೋತ ಬಂದ್ನಿ."

ಒಳ್ಳೆಯ ಮಾತು ಎಂದು ಅನ್ನಿಸಿತು. ಆದರೆ ಹದಿಮೂರು ವರ್ಷ ಎಂದರೆ ಬಹಳ ಕಷಾಯ.

"ಇನ್ನ ಸಾಕೇನ? ಕೆಳಗ ಬರಲ್ಯಾ?" ಎಂದು ಕೇಳಿದರು.

ಕೆಳಗಿನಿಂದ ಅತ್ತೆಯ ದನಿ ಬಂತು. "ಏ ಯವ್ವಾ, ಒಂದ ಮಗ್ಗಲಾ ಕಾಯ್ದೈತೇನ ನೋಡು. ಇನ್ನೊಂದ ಮಗ್ಗಲಕ್ಕ ಹೊಳ್ಳಿಸು!"

ನಾನು ಸಂಡಿಗೆಯನ್ನು ಮುಟ್ಟಿ ನೋಡಿದೆ, ಹಪ್ಪಳವನ್ನು ಮುಟ್ಟಿ ನೋಡಿದೆ, ಗಂಡನ ಬೆನ್ನನ್ನು ಮುಟ್ಟಿ ನೋಡಿದೆ.

"ಹೊಳ್ಳರ್ರಿ" ಎಂದೆ.